ಮುರಿಗೆಪ್ಪನವರು ಸೋಲಲು ಹೆಣಗಿದ ಹದಿನೆಂಟು ದಿನಗಳು

ಸಮಸ್ತ ಜೀವಕೋಟಿಯ ಉದರಗಹ್ವರದಲ್ಲಿ ಹಗಲಿರುಳೆನ್ನದೆ ಪ್ರಜ್ವಲಿಸುತ್ತ, ಕೊಟ್ಟಷ್ಟನ್ನೂ ಸ್ವೀಕರಿಸಿ, ಕೊಡದಿದ್ದರೆ ಗುಡುಗಿ, ಮಿತಿಮೀರಿ ಕೊಟ್ಟರೆ ನೆತ್ತರಿನೊಳಗೆ ಸಕ್ಕರೆಯ ರೂಪದಲ್ಲಿ ಸೇಡು ತೀರಿಸಿಕೊಳ್ಳುವ ಓ ಜಠರಾಗ್ನಿಯೇ, ಮೊದಲ ನಮಸ್ಕಾರ ನಿನಗೆ. ನಿನ್ನ ಒಲುಮೆಯಿಲ್ಲದೆ ಯಾವ ವೀರನೂ ಬೆಳಗಿನ ಹಾಸಿಗೆಯಿಂದ ಎದ್ದಿಲ್ಲ. ನಿನ್ನ ಮುನಿಸಿನಲ್ಲಿ ಯಾವ ವೀರನೂ ಮಧ್ಯಾಹ್ನದ ಹಾಸಿಗೆಯಿಂದ ಎದ್ದಿಲ್ಲ. ಹೇಳಲಿರುವ ಕಥೆ ದೊಡ್ಡದು, ಹೇಳುವ ನಾಲಗೆ ಚಿಕ್ಕದು. ತಪ್ಪಿದಲ್ಲಿ ಬಲ್ಲವರು ತಿದ್ದಿಕೊಳ್ಳಲಿ. ಕೇಳುವವರು ತಿಂಡಿ ಮುಗಿಸಿ ಕೂರಲಿ.

ಅದು ಎಂಥ ಕಾಲವೆಂದರೆ, ಪುಣ್ಯಾತ್ಮರಾರೋ ಬಯಲಿನಂಚಿನಲ್ಲಿ ನೆಡಿಸಿದ ಕಬ್ಬಿಣದ ವ್ಯಾಯಾಮಯಂತ್ರಗಳ ಮೇಲೆ ಜನ ಸ್ವೆಟರು ನೇತುಹಾಕಿ, ಪಕ್ಕದ ಕಲ್ಲುಬೆಂಚಿನಲ್ಲಿ ಕುಳಿತು, ತಮ್ಮ ತಮ್ಮ ಶುಗರ್ ಎಷ್ಟೆಂದು ಒಬ್ಬರಿಗಿಂತ ಒಬ್ಬರು ಹೆಮ್ಮೆಯಿಂದ ಸಾರಿಕೊಳ್ಳುತ್ತಿದ್ದ ಕಾಲ. ಆ ಕಾಲದಲ್ಲಿ, ಕಾದ ಹಂಚಿನ ಮೇಲೆ ಕರಗುವ ಬೆಣ್ಣೆಯ ಕಂಪನ್ನೇ ಪ್ರಾತಃಸಮೀರವೆಂದು ಉಸಿರಾಡುವ ದಾವಣಗೆರೆಯೆಂಬ ನಗರದಲ್ಲಿ, ಹಳೆಯ ಹತ್ತಿಗಿರಣಿಯೊಂದರ ಹಿಂದಿನ ಬಯಲಿನಲ್ಲಿ, ಶುಭ್ರಸುಣ್ಣರೇಖಾಂಕಿತವಾದ ಬಾಲ್ ಬ್ಯಾಡ್ಮಿಂಟನ್ ಕೋರ್ಟೊಂದು ವಿರಾಜಿಸುತ್ತಿತ್ತು. ಒಮ್ಮೆ ಅಲ್ಲಿ ಬಲೆಯ ಆ ಕಡೆ ಐವರು, ಈ ಕಡೆ ಐವರು ನಿಂತು ಉಣ್ಣೆಯ ಹಳದಿ ಚೆಂಡನ್ನು ಆಕಾಶಕ್ಕೆ ಏರಿಸುತ್ತಿದ್ದರು. ಮಂಡಿಗಳು ಒಂದೊಂದಾಗಿ ಶರಣಾಗತವಾದ ಮೇಲೆ ಆಡುವವರು ಇಬ್ಬರೇ ಉಳಿದರು. ಮಿಕ್ಕವರು ಬೆಂಚಿಗೆ ಸರಿದು, ಹೇಗೆ ಆಡಬೇಕಿತ್ತೆಂದು ಹೇಳುವವರಾದರು.

ಆ ಇಬ್ಬರಲ್ಲಿ ಮೊದಲನೆಯವರು ನಮ್ಮ ಕಥಾನಾಯಕ, ವಿಪುಲೋದರ, ವಜ್ರಮಣಿಕಟ್ಟು, ಶತ್ರುಚೆಂಡುಭಂಜನ, ಗಿರಣಿಯ ನಿವೃತ್ತ ಮಗ್ಗದ ಮೇಸ್ತ್ರಿ ಮುರಿಗೆಪ್ಪನವರು. ವಯಸ್ಸು ಅರವತ್ತಮೂರು. ಇನ್ನೂರು ಮಗ್ಗಗಳು ಒಟ್ಟಿಗೆ ಅಬ್ಬರಿಸುವಾಗ ಒಂದು ಎಳೆ ಕಡಿದರೂ, ಅದು ಯಾವ ಸಾಲಿನ ಯಾವ ಮಗ್ಗವೆಂದು ಕಣ್ಣೆತ್ತದೆ ಕಿವಿಯಿಂದಲೇ ಹೇಳುತ್ತಿದ್ದರೆಂದು ಅವರ ಕೀರ್ತಿ. ಎರಡನೆಯವರು ಕೃಶಾಂಗ, ದೀರ್ಘಬಾಹು, ದೀರ್ಘದ್ವೇಷಿ, ಕಬ್ಬಿಣದ ಅಂಗಡಿಯ ಕೊಟ್ರೇಶಪ್ಪನವರು; ಮುರಿಗೆಪ್ಪನವರ ಹೆಂಡತಿಯ ಖಾಸಾ ಅಣ್ಣ. ಇಬ್ಬರೂ ಒಂದೇ ಓರಗೆಯವರಾದ್ದರಿಂದ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು, ಮತ್ತು ಆ ಒಂದು ಮಾತಿನಲ್ಲಿ ಪ್ರೀತಿಯನ್ನೂ ಬೈಗುಳವನ್ನೂ ಬೇಕಾದಂತೆ ತುಂಬಿಕೊಳ್ಳುತ್ತಿದ್ದರು.

ಇನ್ನು ಆ ಕೋರ್ಟಿನ ಕಟ್ಟಳೆ. ಇಪ್ಪತ್ತೆರಡು ವರ್ಷಗಳ ಹಿಂದೆ, ಯೌವನದ ಮದದಲ್ಲಿ, ಬಲೆಯ ಹಗ್ಗ ಹಿಡಿದು ಮುರಿಗೆಪ್ಪನವರೇ ವಿಧಿಸಿದ್ದು: ಮೊದಲು ಇಪ್ಪತ್ತೊಂಬತ್ತು ಪಾಯಿಂಟು ಮುಟ್ಟಿದವನು ಗೆದ್ದ ಹಾಗೆ, ಸೋತವನು ಗೆದ್ದವನನ್ನು ಪಕ್ಕದ ಬೀದಿಯ ಹೋಟೆಲಿಗೆ ಕರೆದೊಯ್ದು ಎರಡು ಬೆಣ್ಣೆದೋಸೆ ತಿನ್ನಿಸಬೇಕು, ಗೆದ್ದವನು ತಿನ್ನಲೇಬೇಕು, ಒಲ್ಲೆನೆಂದರೆ ಸೋತವನ ಕೈಯನ್ನು ಹಳಿದಂತೆ, ಸೋತವನು ಎದುರಿಗೆ ಕೂತು ಬರೀ ಚಹಾ ಕುಡಿಯುತ್ತ ನೋಡಬೇಕು. ಹಿಂದೊಮ್ಮೆ ಹೊಟ್ಟೆನೋವೆಂದು ದೋಸೆ ಬಿಟ್ಟ ವಿಜಯಿಯೊಬ್ಬನನ್ನು ತಿಂಗಳ ಕಾಲ ಕೋರ್ಟಿನಿಂದ ಹೊರಗಿಟ್ಟಿದ್ದರು. ಈ ಕಟ್ಟಳೆಯನ್ನು ಕಾಯುತ್ತಿದ್ದವರು ಪಂಚಾಕ್ಷರಯ್ಯನವರು, ಬಸ್ ನಿಲ್ದಾಣದ ನಿವೃತ್ತ ಕಂಟ್ರೋಲರು. ನೆಲ ಹದಮಾಡುವ ಕಲ್ಲಿನ ರೋಲರಿನ ಮೇಲೆ ಸೀಟಿ ಹಿಡಿದು ಕೂತರೆ ಸಾಕ್ಷಾತ್ ಧರ್ಮಪೀಠ. ಎಲ್ಲರಿಗೂ ಅವರು ಅಯ್ನೋರು.

ಹನ್ನೊಂದು ವರ್ಷಗಳಿಂದ ಗೆದ್ದವರು ಮುರಿಗೆಪ್ಪನವರು, ಸೋತವರು ಕೊಟ್ರೇಶಪ್ಪನವರು. ಮೊದಲ ವರ್ಷದ ಸೋಲಿನ ಉರಿಯಲ್ಲೇ ಕೊಟ್ರೇಶಪ್ಪನವರು, ಗೆದ್ದು ತಿನ್ನುವವರೆಗೂ ಬೆಣ್ಣೆದೋಸೆಯನ್ನು ನಾಲಗೆಗೆ ಸೋಕಿಸೆನೆಂದು ಘೋರಪ್ರತಿಜ್ಞೆ ಮಾಡಿದರು. ಹೀಗಾಗಿ ದಾವಣಗೆರೆಯಲ್ಲೇ ಹುಟ್ಟಿ, ದಾವಣಗೆರೆಯಲ್ಲೇ ಬಾಳಿ, ಹನ್ನೊಂದು ವರ್ಷ ಬೆಣ್ಣೆದೋಸೆ ತಿನ್ನದ ಏಕೈಕ ಪುರುಷರಾಗಿ ಅವರು ಬಳುಕುವ ಬೆತ್ತದಂತೆ ಉಳಿದರು, ಶುಗರ್ ತೊಂಬತ್ತೆರಡು. ಗೆಲ್ಲುತ್ತ ಗೆಲ್ಲುತ್ತ ಮುರಿಗೆಪ್ಪನವರು ದುಂಡಗಾದರು. ಶುಗರ್ ಇನ್ನೂರ ಹನ್ನೆರಡು. ಸೋತವನನ್ನು ವಿಜಯವು ಹೀಗೆ ಕಾಪಾಡಿ, ಗೆದ್ದವನನ್ನು ಹೀಗೆ ಮುಗಿಸುತ್ತ ಬಂದದ್ದು ಬೆಂಚಿನ ಮಹನೀಯರ ಗಮನಕ್ಕೂ ಬಂದಿರಲಿಲ್ಲ, ಏಕೆಂದರೆ ಅವರೂ ಹೋಟೆಲಿನಲ್ಲಿ ತಮ್ಮ ತಮ್ಮ ತಟ್ಟೆಯ ಕಡೆಗೇ ನೋಡುತ್ತಿದ್ದರು.

ಇಂತಿರಲು ಮುರಿಗೆಪ್ಪನವರ ಕಣ್ಣುಗಳಿಗೆ ಪೊರೆ ಕವಿಯಿತು. ಬಲಗಣ್ಣು ಮಂಜು, ಎಡಗಣ್ಣು ಮೊಸರು. ಶಸ್ತ್ರಚಿಕಿತ್ಸೆಗೆಂದು ಹೋದರೆ ಕಣ್ಣಿನ ಡಾಕ್ಟರಮ್ಮ ಎರಡು ಸಲವೂ ಶುಗರ್ ಚೀಟಿ ನೋಡಿ ವಾಪಸು ಕಳಿಸಿದರು. ಮೂರನೆಯ ಸಲ ಹೇಳಿದರು:

"ಪೊರೆ ಗಟ್ಟಿಯಾಗ್ತಾ ಇದೆ ಯಜಮಾನ್ರೇ, ಇನ್ನು ತಡ ಮಾಡೋ ಹಾಗಿಲ್ಲ. ಮೂರು ವಾರ ಕೊಡ್ತೀನಿ. ಖಾಲಿ ಹೊಟ್ಟೇಲಿ ನೂರಾ ನಲವತ್ತರ ಒಳಗೆ ತನ್ನಿ. ಮಾತ್ರೆ ನುಂಗ್ತಾ ಇದೀರಿ, ಅದು ಸರಿ. ಊಟ ಏನ್ಮಾಡ್ತೀರಿ, ಬೆಳಿಗ್ಗೆ ತಿಂಡಿ ಏನು?"

ರಣದಲ್ಲಿ ಎಂದೂ ತಲೆತಗ್ಗಿಸದ ವೀರರು ತಿಂಡಿಯ ಪ್ರಶ್ನೆಗೆ ತಲೆತಗ್ಗಿಸಿದರು. ಅವರನ್ನು ನಡುಗಿಸಿದ್ದು ಕತ್ತಲೆಯಲ್ಲ. ಕಣ್ಣು ಹೋದರೆ ಕೋರ್ಟು ಹೋಯಿತು; ಕೋರ್ಟು ಹೋದರೆ ಆ ಕಲ್ಲುಬೆಂಚು; ಆ ಬೆಂಚಿನಲ್ಲಿ ಕೂತು, ಕಾಣದ ಆಟವನ್ನು ಹೇಗೆ ಆಡಬೇಕಿತ್ತೆಂದು ಹೇಳುತ್ತ ಉಳಿದ ಆಯುಷ್ಯ. ಬೆಳಗಿನ ಆರರಿಂದ ಎಂಟರವರೆಗಿನ ಆ ಎರಡು ಗಂಟೆಗಳಿಗಾಗಿಯೇ ಉಳಿದ ಇಪ್ಪತ್ತೆರಡು ಗಂಟೆಗಳನ್ನು ಸಹಿಸಿಕೊಂಡಿದ್ದ ಜೀವ ಅದು.

ಮೊದಲ ಮೂರು ದಿನ ಅವರು ಮಾಡಿದ ವ್ಯೂಹರಚನೆ ಇಂತಿತ್ತು: ಆಡಿದರೆ ಗೆಲ್ಲುವೆ, ಗೆದ್ದರೆ ತಿನ್ನುವೆ, ಆದ್ದರಿಂದ ಆಡುವುದನ್ನೇ ಬಿಡುವೆ. ತರ್ಕ ನಿರ್ದುಷ್ಟವಾಗಿತ್ತು. ಆದರೆ ಮನೆಯ ಕುರ್ಚಿಯಲ್ಲಿ ಸುಮ್ಮನೆ ಕೂತ ಕೈಗೆ ಕೆಲಸ ಬೇಕಾಗಿ, ಸಂಜೆಯ ಮಂಡಕ್ಕಿ ಮಧ್ಯಾಹ್ನಕ್ಕೆ ಬಂತು, ಮಂಡಕ್ಕಿಯ ಹಿಂದೆ ಮಿರ್ಚಿ ಬಂತು, ಮಿರ್ಚಿಯ ಹಿಂದೆ ಎರಡನೆಯ ಮಿರ್ಚಿ ಬಂತು. ನಾಲ್ಕನೆಯ ಬೆಳಿಗ್ಗೆ ಮನೆಯ ಶುಗರ್ ಯಂತ್ರಕ್ಕೆ ಬೆರಳು ಕೊಟ್ಟಾಗ ಇನ್ನೂರ ಇಪ್ಪತ್ತು.

ಆಗ ಅಡುಗೆಮನೆಯಿಂದ ಸರ್ವಮಂಗಳಮ್ಮನವರು ಹೊರಬಂದರು. ನವಣೆ, ಹುರುಳಿ, ಮೆಂತ್ಯಸೊಪ್ಪು, ಹಾಗಲಕಾಯಿ ಎಂಬ ಚತುರಂಗಬಲವನ್ನು ತಿಂಗಳಿಂದ ಸಜ್ಜುಗೊಳಿಸಿ, ಪ್ರತಿ ಬೆಳಿಗ್ಗೆ ಹೋಟೆಲಿನ ಎರಡು ದೋಸೆಯ ಮುಂದೆ ಅದೆಲ್ಲ ಧೂಳೀಪಟವಾಗುವುದನ್ನು ಕಂಡು ಬೇಸತ್ತಿದ್ದ ಮಹಾದೇವಿ. ಗಂಡನಿಗೆ ಅವರು ಉಪದೇಶಿಸಿದ್ದನ್ನು ಯಾವ ಅಲಂಕಾರವೂ ಇಲ್ಲದೆ ಇದ್ದಂತೆಯೇ ಹೇಳುವುದು ಒಳ್ಳೆಯದು.

"ಆಟ ಬ್ಯಾಡ ಅಂದೋರು ಯಾರ್ರಿ ನಿಮಗೆ? ಆಡ್ರಿ. ಮೈ ಬೆವರ್ಲಿ, ಮುಖದ ಮ್ಯಾಲೆ ಕಳೆ ಬರ್ಲಿ. ದೋಸೆ ಬಿಡ್ರಿ."

"ಗೆದ್ದ ಮ್ಯಾಲೆ ತಿನ್ಲೇಬೇಕು. ನಾನೇ ಮಾಡಿದ ಕಟ್ಳೆ ಅದು."

"ಹಂಗಾರೆ ಸೋಲ್ರಿ."

ಈ ಐದಕ್ಷರಗಳ ಉಪದೇಶ ಕಿವಿಗೆ ಬಿದ್ದಾಗ ಮುರಿಗೆಪ್ಪನವರು ಬ್ಯಾಟಿನ ತಂತಿಯನ್ನು ಒಮ್ಮೆ ಮೀಟಿ ನೋಡಿದರು. ಗೆಲ್ಲುವ ವಿದ್ಯೆಯನ್ನು ನಲವತ್ತು ವರ್ಷ ಕಲಿತಿದ್ದರು. ಸೋಲುವ ವಿದ್ಯೆಯ ಒಂದು ಪಾಠವೂ ಬರುತ್ತಿರಲಿಲ್ಲ. ತಿಳಿದರೆ ಬೆಂಚಿಗೆ ಕೂರಿಸಿಯಾರೆಂದು, ಕಣ್ಣಿನ ಸಂಗತಿಯನ್ನು ಅಣ್ಣನಿಗಾಗಲಿ ಅಯ್ನೋರಿಗಾಗಲಿ ಹೇಳಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡು, ತಂತಿ ಬಿಗಿದ ಬ್ಯಾಟನ್ನು ಹೆಗಲಿಗೇರಿಸಿ ಹೊರಟರು.

ಪ್ರಥಮದಿವಸದ ಯುದ್ಧ. ಮೂಡಣದಲ್ಲಿ ಅರುಣೋದಯವಾಗಿ, ಗಿರಣಿಯ ಹಳೆಯ ಚಿಮಣಿಯ ತುದಿಗೆ ಹೊಂಬಣ್ಣ ಹತ್ತುತ್ತಿರಲು, ಮೂರು ದಿನ ಎದುರಾಳಿಯಿಲ್ಲದೆ ಗೋಡೆಗೆ ಚೆಂಡು ಹೊಡೆದು ಹಸಿದಿದ್ದ ಕೊಟ್ರೇಶಪ್ಪನವರು ಬಲೆಯ ಬಳಿ ಬಂದು ವೀರವಾಕ್ಯಗಳನ್ನು ನುಡಿದರು. ಎಲೈ ನವನೀತಭಾರಾಲಸಗಮನನೇ, ನಿನ್ನ ಉದರವೆಂಬ ಕೋಟೆಯಲ್ಲಿ ಹನ್ನೊಂದು ಸಂವತ್ಸರಗಳಿಂದ ಸೆರೆಯಾಗಿರುವ ನನ್ನ ದೋಸೆಗಳನ್ನು ಇಂದು ಬಿಡುಗಡೆ ಮಾಡುವೆನು, ಎಂಬುದು ಅದರ ಭಾವಾರ್ಥ. ಬಾಯಿಂದ ಹೊರಟದ್ದು ಇಷ್ಟು:

"ಬಾ ಭಾವ. ಮೂರು ದಿನ ಎಲ್ಲಿ ಮೊಟ್ಟೆಗೆ ಕಾವು ಕೊಡ್ತಿದ್ದೆ?"

ಮುರಿಗೆಪ್ಪನವರೂ ತಕ್ಕ ಪ್ರತ್ಯುತ್ತರ ಕೊಡಬೇಕೆಂದಿದ್ದರು. ಆದರೆ ಸೋಲಲು ಬಂದವನು ಜಂಬ ಕೊಚ್ಚುವುದು ಸರಿಯಲ್ಲವೆಂದು ತಮ್ಮ ಗೆರೆಯೊಳಗೆ ಹೋಗಿ ನಿಂತರು. ಸೀಟಿ ಮೊಳಗಿತು. ಮೊಳಗಿದ್ದೇ ತಡ, ಸರ್ವಮಂಗಳಮ್ಮನವರ ಉಪದೇಶವು ಮಂಜಿನಂತೆ ಕರಗಿಹೋಯಿತು. ಚೆಂಡು ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ, ಮೂರು ದಿನ ಕುರ್ಚಿಯಲ್ಲಿ ಕೊಳೆತ ದೇಹವು ಮಳೆ ಕಂಡ ಹೊಲದಂತೆ ಎಚ್ಚೆತ್ತು, ಹೊಡೆದದ್ದೆಲ್ಲ ಪಾಯಿಂಟಾಗಿ, ಅಯ್ನೋರು ಇಪ್ಪತ್ತೆಂಟು-ಹತ್ತೊಂಬತ್ತು ಎಂದು ಸಾರಿದಾಗಲೇ ಅವರಿಗೆ ತಾವು ಬಂದ ಕೆಲಸ ನೆನಪಾದದ್ದು. ಇನ್ನೊಂದು ಪಾಯಿಂಟಿಗೆ ಎರಡು ದೋಸೆ.

ಅಲ್ಲಿಂದ ಮುಂದೆ ಆ ವಜ್ರಮಣಿಕಟ್ಟಿನಿಂದ ಹೊರಟ ಒಂದೊಂದು ಹೊಡೆತವೂ ಬಲೆಯ ಮಡಿಲಿಗೆ ಹೋಗಿ ಬಿತ್ತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಬೆಂಚಿನವರು ಎದ್ದು ನಿಂತರು. ಕೊಟ್ರೇಶಪ್ಪನವರ ಹೃದಯಸಮುದ್ರದಲ್ಲಿ ಹನ್ನೊಂದು ವರ್ಷದ ಹಸಿವು ಅಲೆಯಲೆಯಾಗಿ ಏಳಲು, ಅವರು ಕುಣಿದು ಕುಣಿದು ಆಡಿದರು. ಇಪ್ಪತ್ತೆಂಟು-ಇಪ್ಪತ್ತೆಂಟು ಆದಾಗ, ಮುಂದಿನ ಸರ್ವೀಸಿಗೆ ಚೆಂಡು ಎತ್ತಿದವರು ಹಾಗೆಯೇ ನಿಂತುಬಿಟ್ಟರು. ಒಂಬತ್ತು ಚೆಂಡು, ಒಂಬತ್ತೂ ಬಲೆಗೆ. ಕಬ್ಬಿಣ ತೂಗುವವರಿಗೆ ತೂಕದ ಮೋಸ ತಿಳಿಯದಿರುತ್ತದೆಯೇ?

"ಭಾವ, ಬೇಕಂತ ಬಿಡ್ತಿದೀಯ."

"ಇಲ್ಲ ಮಾರಾಯ. ಕೈ ಯಾಕೋ ಹಿಡಿತ ತಪ್ಪೈತೆ."

"ನೀನು ಬಿಟ್ಟಿದ್ದು ಎತ್ಕೊಂಡು ತಿನ್ನಾಕೆ ನಾನೇನು ಗುಡಿ ಮೆಟ್ಲ ಮ್ಯಾಲೆ ಕೂತೀನಾ? ಹನ್ನೊಂದು ವರ್ಷ ಕಾದೋನು ಇನ್ನೂ ಕಾಯ್ತೀನಿ. ದಾನದ ದೋಸೆ ನಂಗೆ ಬ್ಯಾಡ."

ಹೀಗೆಂದು ಕೊಟ್ರೇಶಪ್ಪನವರು ಚೆಂಡನ್ನು ತಾವೂ ಬಲೆಗೆ ಹೊಡೆದರು. ಧರ್ಮಸಂಕಟ ಧರ್ಮಪೀಠದ ಮುಂದೆ ಬಂತು. ಅಯ್ನೋರು ಸೀಟಿಯನ್ನು ಬಾಯಿಂದ ತೆಗೆದು, ಕರವಸ್ತ್ರದಿಂದ ಒರೆಸಿ, ಮತ್ತೆ ಬಾಯಿಗಿಟ್ಟು, ಮತ್ತೆ ತೆಗೆದು, ಬೇಕಂತ ತಪ್ಪಿದ್ದು ಯಾರದ್ದೂ ಲೆಕ್ಕಕ್ಕಿಲ್ಲವೆಂದೂ, ಹಿಂದಿನ ಒಂಬತ್ತು ಆದದ್ದಾಯಿತೆಂದೂ, ಇನ್ನು ಮುಂದೆ ಚೆಂಡು ನಿಜವಾಗಿ ತಪ್ಪಿದಾಗ ಮಾತ್ರ ಕೊನೆಯ ಪಾಯಿಂಟು ಕೊಡುವೆನೆಂದೂ ತೀರ್ಪಿತ್ತರು. ಮಳೆ ಬಂದು ನಿಂತ ಆಟವನ್ನು ಮರುದಿನ ಅದೇ ಪಾಯಿಂಟಿನಿಂದ ಎತ್ತಿಕೊಳ್ಳುವ ಪದ್ಧತಿ ಮೊದಲೇ ಇದ್ದುದರಿಂದ, ಮುಗಿಯದ ಈ ಆಟಕ್ಕೂ ಅದೇ ಅನ್ವಯವೆಂದರು.

ಇಂಥ ಯುದ್ಧವನ್ನು ಮೂರು ಲೋಕದಲ್ಲಿ ಯಾರೂ ಕಂಡಿರಲಿಲ್ಲ. ಮುರಿಗೆಪ್ಪನವರು ಭಾವನು ಬಡಿದು ಗೆಲ್ಲಲೆಂದು ಹೂವಿನಂಥ ಚೆಂಡನ್ನು ಎತ್ತರಕ್ಕೆ ಕಳಿಸುವರು. ಅದರಲ್ಲಿ ದಾನದ ವಾಸನೆ ಹಿಡಿದ ಕೊಟ್ರೇಶಪ್ಪನವರು ಬಡಿಯದೆ, ಅದಕ್ಕಿಂತ ಮೆತ್ತನೆಯ ಚೆಂಡನ್ನು ವಾಪಸು ಕಳಿಸುವರು. ಗೆಲ್ಲಿಸಲು ಹೊರಟವನೊಬ್ಬ, ಗೆಲ್ಲಲೊಲ್ಲದವನೊಬ್ಬ. ನಡುವೆ ನೆಲ ಕಾಣದೆ ಹಾರಾಡುವ ಆ ಬಡಪಾಯಿ ಉಣ್ಣೆ. ಆಗೊಮ್ಮೆ ಈಗೊಮ್ಮೆ ಗಾಳಿ ಬೀಸಿ ಚೆಂಡು ದಾರಿ ತಪ್ಪಿದರೆ ಇಬ್ಬರೂ ಪ್ರಾಣ ಬಿಟ್ಟು ಓಡಿ ಅದನ್ನು ಬದುಕಿಸುವರು, ಒಬ್ಬರು ಗೆಲ್ಲಬಾರದೆಂದು, ಇನ್ನೊಬ್ಬರು ಬಿಟ್ಟರೆಂದು ಎನ್ನಿಸಿಕೊಳ್ಳಬಾರದೆಂದು. ಬಿಸಿಲೇರಿ ಅಯ್ನೋರು ಆಟ ನಿಲ್ಲಿಸುವಾಗ ಬನೀನುಗಳನ್ನು ಹಿಂಡಬಹುದಿತ್ತು. ಗೆದ್ದವರಿಲ್ಲದ್ದರಿಂದ ದೋಸೆಯಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಎಲ್ಲರೂ ಬರೀ ಚಹಾ ಕುಡಿದು ಮನೆಗೆ ಹೋದರು.

ಎರಡನೆಯ ದಿನ ಹೀಗೆಯೇ. ಮೂರನೆಯ ದಿನ ಹೀಗೆಯೇ. ಐದನೆಯ ದಿನ ಮುರಿಗೆಪ್ಪನವರ ಬ್ಯಾಟಿನ ತಂತಿ ಕಡಿಯಿತು. ಕೊಟ್ರೇಶಪ್ಪನವರು ತಮ್ಮ ಇನ್ನೊಂದು ಬ್ಯಾಟನ್ನು ಬಲೆಯ ಮೇಲಿಂದ ಎಸೆದು, ಸೋಲುವುದಾದರೆ ನೆಟ್ಟಗಿರೋ ಬ್ಯಾಟಿನಲ್ಲಿ ಸೋಲೆಂದರು. ಎಂಟನೆಯ ದಿನ ಚೆಂಡಿನ ಉಣ್ಣೆ ಬಿಚ್ಚಿ ಬಾಲ ಬಂತು. ಹನ್ನೊಂದನೆಯ ದಿನ ಒಂದೇ ಓಟದಲ್ಲಿ ಇನ್ನೂರ ಹದಿನಾಲ್ಕು ಹೊಡೆತಗಳಾದವೆಂದು ಬೆಂಚಿನವರು ಒಕ್ಕೊರಲಿನಿಂದ ಎಣಿಸಿದರು. ಎಣಿಸುತ್ತ ಎಣಿಸುತ್ತ ಕುತ್ತಿಗೆ ಆ ಕಡೆ ಈ ಕಡೆ ತಿರುಗಿ, ಅವರಿಗೂ ಅಷ್ಟಿಷ್ಟು ವ್ಯಾಯಾಮವಾಯಿತು. ಹದಿಮೂರನೆಯ ದಿನ ಚೆಂಡು ಅಯ್ನೋರ ನೆತ್ತಿಯ ಮೇಲೆ ಬಿದ್ದು, ಅಲ್ಲಿಂದ ಪುಟಿದು, ಸರಿಯಾಗಿ ಗೆರೆಯೊಳಗೇ ಬಂತು. ಆ ನಗುವಿನಲ್ಲಿ ಭಾವಂದಿರಿಬ್ಬರೂ ಬಲೆಗೆ ಒರಗಿ ಹೊಟ್ಟೆ ಹಿಡಿದುಕೊಂಡದ್ದನ್ನು ಕಂಡವರುಂಟು. ಮರುಕ್ಷಣವೇ ತಾವು ಶತ್ರುಗಳೆಂದು ನೆನಪಾಗಿ ಇಬ್ಬರೂ ಮುಖ ಗಂಟಿಕ್ಕಿಕೊಂಡರು.

ಇತ್ತ ಮನೆಯಲ್ಲಿ ಸರ್ವಮಂಗಳಮ್ಮನವರ ಚತುರಂಗಬಲಕ್ಕೆ ಮೊದಲ ಸಲ ತೆರವಾದ ರಣಾಂಗಣ ಸಿಕ್ಕಿತು. ದೋಸೆ ತಿಂದು ಬಂದ ನಾಲಗೆಗೆ ನವಣೆಯ ಅನ್ನ ಮರಳಿನಂತಿರುತ್ತಿತ್ತು. ಎರಡು ಗಂಟೆ ಓಡಿ ಬಂದ ಹಸಿವಿಗೆ ಅದೇ ನವಣೆ, ಹುರುಳಿಸಾರು ಬೆರೆತು, ಮಲ್ಲಿಗೆಯಂತೆ ಅರಳಿತು. ಬೇಕಾದಷ್ಟು ತಿಂದ ಮೇಲೆ ಇನ್ನೂ ಹಾಕಲೇ ಎಂದು ಆಕೆ ಕೇಳಿದರೆ, ಮುರಿಗೆಪ್ಪನವರು ತಟ್ಟೆಯ ಕಡೆ ನೋಡಿ, ಹೊಟ್ಟೆಯ ಕಡೆ ನೋಡಿ, ಯೋಚಿಸುವುದನ್ನು ಕಲಿತರು. ಈ ಯೋಚನೆಯ ಮುಹೂರ್ತವು ಅವರ ಜೀವನದಲ್ಲಿ ಹಿಂದೆಂದೂ ಬಂದಿರಲಿಲ್ಲ. ಸಂಜೆಯ ಮಿರ್ಚಿಯಂಗಡಿಯ ಎಣ್ಣೆ ಮೂಲೆಯಿಂದ ಕೈಬೀಸಿ ಕರೆಯುತ್ತಲೇ ಇತ್ತು. ಅಲ್ಲಿಯತನಕ ನಡೆಯಲು ಕಾಲುಗಳೊಪ್ಪಲಿಲ್ಲ. ಬೆಲ್ಟಿನಲ್ಲಿ ಒಂದು ತೂತು ಹಿಂದೆ ಸರಿಯಿತು. ಹದಿನಾರನೆಯ ದಿನ ಇನ್ನೊಂದು.

ಹದಿನೆಂಟನೆಯ ದಿನ ಭಾನುವಾರ. ಮರುದಿನ ಸೋಮವಾರ, ಡಾಕ್ಟರಮ್ಮನ ವಾಯಿದೆ. ಅಂದು ಬಯಲಿನಲ್ಲಿ ಅಪಾರ ಜನಸ್ತೋಮ, ಎಂದರೆ ಹನ್ನೆರಡು ಮಂದಿ. ಕಬ್ಬಿಣದ ಯಂತ್ರಗಳ ಮೇಲಿದ್ದ ಸ್ವೆಟರುಗಳು ಸಹ ಈ ಕಡೆಗೇ ತಿರುಗಿದಂತಿದ್ದವು. ಆಟ ಶುರುವಾಗುವ ಮೊದಲೇ ಕೊಟ್ರೇಶಪ್ಪನವರು ಬ್ಯಾಟನ್ನು ನೆಲಕ್ಕೆ ಊರಿ, ತಮ್ಮ ಮುಂದಿನ ಪ್ರತಿಜ್ಞೆಯನ್ನು ಘೋಷಿಸಿದರು. ಹದಿನೇಳು ದಿನಗಳಿಂದ ತನ್ನನ್ನು ಅಣಕಿಸುತ್ತಿರುವ ಈ ಬಂಧುವೇಷದ ವೈರಿಯು ಕಾರಣವನ್ನು ಸಭಾಮಧ್ಯದಲ್ಲಿ ಹೇಳದಿದ್ದರೆ, ತಾನು ಈ ಬಲೆಯನ್ನು ಬಿಚ್ಚಿ ಅಂಗಡಿಯಲ್ಲಿ ತೂಕಕ್ಕೆ ಹಾಕುವುದಾಗಿಯೂ, ಇನ್ನೆಂದೂ ಇತ್ತ ಕಾಲಿಡುವುದಿಲ್ಲವೆಂದೂ ಅವರು ಹೇಳಿದರು. ಮುರಿಗೆಪ್ಪನವರು ಬಹಳ ಹೊತ್ತು ಚೆಂಡಿನ ಬಾಲವನ್ನು ಸುತ್ತುತ್ತ ನಿಂತರು. ಬಲೆಯಿಲ್ಲದ, ಭಾವನಿಲ್ಲದ ಕೋರ್ಟೂ ಒಂದು ಕೋರ್ಟೇ? ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದರು:

"ಕಣ್ಣಿಗೆ ಪೊರೆ ಬಂದೈತೆ ಭಾವ. ನಾಳೆ ಶುಗರ್ ಇಳಿದಿದ್ರೆ ಆಪರೇಶನ್, ಇಲ್ಲ ಅಂದ್ರೆ ಇಲ್ಲ. ದೋಸೆ ತಿನ್ನಂಗಿಲ್ಲ, ಅದಕ್ಕೆ ಸೋಲಾಕೆ ನೋಡ್ದೆ. ನಿನ್ನ ಅಣಕಿಸಾಕಲ್ಲ."

"ಚೆಂಡು ಕಾಣ್ತದಲ್ಲ ನಿಂಗೆ?"

"ಮೂರು ತಿಂಗಳಾತು ಕಂಡು. ನಿನ್ನ ಬ್ಯಾಟಿನ ಸದ್ದು ಕೇಳಿ ಹೊಡಿತೀನಿ."

ಕೊಟ್ರೇಶಪ್ಪನವರ ಮುಖದಲ್ಲಿ ಮೊದಲು ಕರುಣೆ ಮೂಡಿತು. ಆಮೇಲೆ ಆ ಕರುಣೆಯ ಹಿಂದಿನಿಂದ ಇನ್ನೇನೋ ನಿಧಾನವಾಗಿ ಎದ್ದು ಬಂತು.

"ಅಂದ್ರೆ ಮೂರು ತಿಂಗಳಿಂದ ನಾನು, ಕಣ್ಣು ಕಾಣದೋನ ಕೈಲಿ ಸೋತೀನಿ?"

ಕೊಟ್ರೇಶಪ್ಪನವರು ಬಲೆಯಿಂದ ದೂರ ಹೋಗಿ, ಬೆನ್ನು ತಿರುಗಿಸಿ, ಮುಖವನ್ನು ಟವೆಲಿನಲ್ಲಿ ಒರೆಸಿಕೊಂಡು ಬಂದರು. ಅವರೊಳಗೆ ಆಗ ನಡೆದ ಮಥನವನ್ನು ಬಣ್ಣಿಸಲು ನಾಲಗೆ ಸಾಲದು. ಹನ್ನೊಂದು ವರ್ಷ ಕಾಪಾಡಿದ ಮಾನ ಒಂದು ಕಡೆ, ತಂಗಿಯ ಗಂಡನ ಕಣ್ಣು ಒಂದು ಕಡೆ. ಮಾನವು ಸೋತಿತು. ದಾನದ ಗೆಲುವಾದರೂ ಸರಿ, ಇಂದು ಪಡೆದೇ ತೀರುವೆನೆಂದು ಅವರು ಬ್ಯಾಟು ಎತ್ತಿದರು. "ಎತ್ತರಕ್ಕೆ ಕಳಿಸು ಭಾವ," ಎಂದರು, "ಬಡಿತೀನಿ."

ಮುರಿಗೆಪ್ಪನವರು ಕಳಿಸಿದರು. ಆ ಚೆಂಡು ಎಂಥದೆಂದರೆ, ಬೇವಿನ ಮರದ ತುದಿಯನ್ನು ಮುಟ್ಟಿ, ಅಲ್ಲಿ ಕ್ಷಣಕಾಲ ವಿಶ್ರಮಿಸಿ, ಹೊಡೆಯುವವನ ತಲೆಯ ಮೇಲೆ ನೇರವಾಗಿ, ನಿಧಾನವಾಗಿ, ಹಬ್ಬದ ಹೋಳಿಗೆಯನ್ನು ಎಲೆಗೆ ಬಡಿಸಿದಂತೆ ಇಳಿದು ಬಂತು. ಕೊಟ್ರೇಶಪ್ಪನವರು ಹನ್ನೊಂದು ವರ್ಷದ ಹಸಿವನ್ನೂ, ಮೂರು ತಿಂಗಳ ಅವಮಾನವನ್ನೂ, ಅಂದಿನ ಪ್ರೀತಿಯನ್ನೂ ಒಂದೇ ಭುಜಕ್ಕೆ ತಂದು, ಭೂಮಿ ಬಿಟ್ಟು ಗೇಣುದ್ದ ಮೇಲೆದ್ದು ಬಡಿದರು. ಚೆಂಡು ಬಲೆಯನ್ನು ದಾಟಿತು. ಮುರಿಗೆಪ್ಪನವರನ್ನು ದಾಟಿತು. ಗೆರೆಯನ್ನು ದಾಟಿತು. ಬಯಲಿನ ಗೋಡೆಯನ್ನೂ ದಾಟಿ, ಆಚೆಯ ರಸ್ತೆಯಲ್ಲಿ ನಿಂತಿದ್ದ ಸೊಪ್ಪಿನ ಗಾಡಿಯಲ್ಲಿ, ಕೊತ್ತಂಬರಿಯ ಕಟ್ಟುಗಳ ನಡುವೆ ಹೋಗಿ ಬಿತ್ತು.

ಎಲ್ಲರೂ ಅಯ್ನೋರ ಕಡೆ ನೋಡಿದರು. ಅಯ್ನೋರು ಕೊಟ್ರೇಶಪ್ಪನವರ ಮುಖವನ್ನು ನೋಡಿದರು. ಅದಕ್ಕಿಂತ ನಿಜವಾದ ತಪ್ಪನ್ನು ಅವರು ಸಾರಿಗೆ ಸಂಸ್ಥೆಯ ಮೂವತ್ತನಾಲ್ಕು ವರ್ಷಗಳ ನೌಕರಿಯಲ್ಲಿಯೂ ಕಂಡಿರಲಿಲ್ಲ.

"ಇದು ಬೇಕಂತ ತಪ್ಪಿದ್ದಲ್ಲ," ಎಂದರು. "ಇಪ್ಪತ್ತೊಂಬತ್ತು, ಮುರಿಗೆಪ್ಪ."

ಹೀಗೆ ಸೋಲಲು ಹದಿನೆಂಟು ದಿನ ಹೆಣಗಿದ ವೀರರು ಗೆದ್ದರು. ಹೋಟೆಲಿನ ಕಡೆಗೆ ಹೊರಟ ಆ ಮೆರವಣಿಗೆಯಲ್ಲಿ ಮುಂದೆ ನಡೆದ ವಿಜಯಿಯ ಮುಖ ನೋಡಿದವರು ಯಾರನ್ನೋ ಮಣ್ಣು ಮಾಡಲು ಒಯ್ಯುತ್ತಿದ್ದಾರೆಂದು ಟೋಪಿ ತೆಗೆಯಬೇಕಿತ್ತು.

ದೋಸೆಗಳು ಬಂದವು. ಸುವರ್ಣಮಂಡಲಾಕಾರವಾಗಿ, ನವನೀತಪಿಂಡಮಂಡಿತವಾಗಿ, ಅಂಚಿನಲ್ಲಿ ಕೆಂಪಡರಿದ ಗರಿಯಾಗಿ, ನಡುವೆ ಹತ್ತಿಯಂತೆ ಮೃದುವಾಗಿ, ಪಕ್ಕದಲ್ಲಿ ಆಲೂಗಡ್ಡೆಪಲ್ಯದ ಮಂತ್ರಿಯನ್ನೂ ಚಟ್ನಿಯ ಸೇನಾಪತಿಯನ್ನೂ ಕೂರಿಸಿಕೊಂಡು ಎರಡು ಬೆಣ್ಣೆದೋಸೆಗಳು ಮುರಿಗೆಪ್ಪನವರೆದುರು ನೆಲೆಸಿದವು. ಬೆಣ್ಣೆ ಕರಗುತ್ತ ಒಂದು ಹನಿ ಅಂಚಿನತ್ತ ಹರಿಯಿತು. ಕಣ್ಣಿಗೆ ಮಂಜು ಕವಿದಿದ್ದರೂ ಮೂಗಿಗೆ ಯಾವ ಪೊರೆಯೂ ಇರಲಿಲ್ಲ. ಎದುರಿಗೆ ಕೊಟ್ರೇಶಪ್ಪನವರು ಚಹಾದ ಲೋಟ ಹಿಡಿದು, ತಾನೇ ಭಾವನ ಕಣ್ಣು ಕಿತ್ತವನಂತೆ ಕೂತಿದ್ದರು.

ಮುರಿಗೆಪ್ಪನವರು ಕೈ ಚಾಚಿದರು. ಬೆಣ್ಣೆ ಇನ್ನೂ ಮುಟ್ಟದ ಅಂಚಿನಿಂದ, ಹೆಬ್ಬೆರಳ ಉಗುರಿನಷ್ಟು ಗರಿಯನ್ನು ಮುರಿದು ಬಾಯಿಗಿಟ್ಟುಕೊಂಡರು. ಅಗಿದರು. ಇನ್ನೂ ಅಗಿದರು. ಇಪ್ಪತ್ತೆರಡು ವರ್ಷಗಳಲ್ಲಿ ಸಾವಿರಾರು ದೋಸೆಗಳನ್ನು ಬೆಂಚಿನವರ ಜೈಕಾರದ ನಡುವೆ ಅಗಿಯದೆ ಒಳಗಿಳಿಸಿದ ಆ ಬಾಯಿಗೆ, ಹುದುಗಿನ ಸಣ್ಣ ಹುಳಿ, ಅದರ ಹಿಂದಿನ ಮೆಂತ್ಯದ ಕಹಿ, ಅದರ ಹಿಂದೆ ಅಕ್ಕಿಯ ಸಿಹಿ, ಒಂದೊಂದಾಗಿ ಬಂದು ಪರಿಚಯ ಹೇಳಿಕೊಂಡವು. ಆಗ ಅವರು, ಆ ಹೋಟೆಲಿನ ಸ್ಥಾಪನೆಯಾದಂದಿನಿಂದ ಆ ಮೇಜಿನಲ್ಲಿ ಯಾರೂ ಪ್ರಯೋಗಿಸದ ಮಹಾಸ್ತ್ರವೊಂದನ್ನು ಪ್ರಯೋಗಿಸಿದರು.

"ಸಾಕು," ಎಂದರು.

ಬೆಂಚಿನವರ ಕೈಯಲ್ಲಿನ ಲೋಟಗಳು ಗಾಳಿಯಲ್ಲೇ ನಿಂತವು.

"ಕಟ್ಳೆ?" ಎಂದು ಯಾರೋ ಕೇಳಿದರು.

"ಗೆದ್ದೋನು ತಿನ್ಬೇಕು ಅಂತ ಮಾಡಿದ್ದು ನಾನೇ. ತಿಂದೆ. ಇನ್ನ ಮ್ಯಾಲೆ ಗೆದ್ದೋನಿಗೆ ಎಷ್ಟು ಬೇಕೋ ಅಷ್ಟು. ಹೊರಗಿಡೋದಾದ್ರೆ ನನ್ನನ್ನ ಇಡ್ರಿ, ಆಪರೇಶನ್ ಆದ್ಮ್ಯಾಲೆ ಹೆಂಗೂ ತಿಂಗಳು ಆಡಾಂಗಿಲ್ಲ."

ಹೀಗೆಂದು ತಟ್ಟೆಯನ್ನು ಕೊಟ್ರೇಶಪ್ಪನವರ ಕಡೆಗೆ ನೂಕಿದರು. ಕೊಟ್ರೇಶಪ್ಪನವರು ಗೆಲ್ಲದೆ ತಿನ್ನೆನೆಂಬ ಪ್ರತಿಜ್ಞೆಯನ್ನು ನೆನಪಿಸಿ ತಟ್ಟೆಯನ್ನು ಹಿಂದಕ್ಕೆ ನೂಕಿದರು. ಕಣ್ಣಿಲ್ಲದವನೊಡನೆ ಹದಿನೆಂಟು ದಿನ ಓಡಿದವನೇ ಗೆದ್ದವನೆಂದು ಇವರು. ಹಾಗೆಂದು ಕರುಣೆಯ ಬೆಣ್ಣೆ ಸವರಬೇಡವೆಂದು ಅವರು. ಪ್ರತಿಜ್ಞಾಭಂಗದ ಪಾಪವೆಷ್ಟು, ಅನ್ನ ಬಿಡುವ ಪಾಪವೆಷ್ಟು, ಬಂಧುಧರ್ಮ ದೊಡ್ಡದೋ ಕ್ರೀಡಾಧರ್ಮ ದೊಡ್ಡದೋ ಎಂಬ ಮಹಾಸಂವಾದವು ಹೋಟೆಲಿನ ಸೂರು ಅದುರುವಂತೆ ನಡೆಯಿತು, ಚಹಾ ಆರಿತು, ತಟ್ಟೆಯು ಆ ಕಡೆ ಈ ಕಡೆ ಸರಿಯುವುದು ನಿಂತದ್ದನ್ನು ಇಬ್ಬರೂ ಗಮನಿಸಲಿಲ್ಲ. ಮಾತು ಮುಗಿದು ಕೆಳಗೆ ನೋಡಿದಾಗ, ಮಧ್ಯದಲ್ಲಿ ಕೂತಿದ್ದ ಅಯ್ನೋರು, ಇಪ್ಪತ್ತೆರಡು ವರ್ಷ ತೀರ್ಪು ಕೊಟ್ಟು ಬರೀ ಚಹಾ ಕುಡಿದ ಪಂಚಾಕ್ಷರಯ್ಯನವರು, ಎರಡನೆಯ ದೋಸೆಯ ಕೊನೆಯ ತುಣುಕಿನಿಂದ ಚಟ್ನಿಯನ್ನು ಒರೆಸಿಕೊಳ್ಳುತ್ತಿದ್ದರು.

"ಉಪ್ಪು ಒಂದೀಟು ಕಮ್ಮಿ ಐತೆ," ಎಂದು ಅವರು ಕೈ ತೊಳೆಯಲು ಎದ್ದರು.

ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೆತ್ತರು ಕೊಟ್ಟು, ಸರ್ವಮಂಗಳಮ್ಮನವರನ್ನು ಎಡಕ್ಕೂ ಕೊಟ್ರೇಶಪ್ಪನವರನ್ನು ಬಲಕ್ಕೂ ಕೂರಿಸಿಕೊಂಡು ಮುರಿಗೆಪ್ಪನವರು ಕಣ್ಣಿನ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದರು. ಚೀಟಿ ಬಂತು. ಅವರಿಗೆ ಓದಲು ಕಾಣದು. ಸರ್ವಮಂಗಳಮ್ಮನವರ ಕನ್ನಡಕ ಮನೆಯಲ್ಲಿತ್ತು. ಕೊಟ್ರೇಶಪ್ಪನವರು ಓದಿ, ಮತ್ತೊಮ್ಮೆ ಓದಿ, ಭಾವನ ಬೆನ್ನಿನ ಮೇಲೆ ಒಂದು ಗುದ್ದು ಗುದ್ದಿದರು. ನೂರಾ ಮೂವತ್ತಾರು.

ಡಾಕ್ಟರಮ್ಮ ಚೀಟಿ ನೋಡಿ ತಲೆದೂಗಿ, ಗುರುವಾರ ಹನ್ನೊಂದಕ್ಕೆ ಎಡಗಣ್ಣು ಎಂದರು. ಬಾಗಿಲಿನಲ್ಲಿ ಮುಂದಿನ ರೋಗಿ ಆಗಲೇ ಚಪ್ಪಲಿ ಬಿಡುತ್ತಿದ್ದ. ಆಕೆ ಪೆನ್ನಿನ ಮುಚ್ಚಳ ತೆಗೆಯುತ್ತ, ಇಷ್ಟು ಬೇಗ ಹೇಗೆ ಇಳಿಸಿದಿರೆಂದು ಕೇಳಿದರು. ಮುರಿಗೆಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಪಡಿಸಿಕೊಂಡು, ಹಗ್ಗ ಹಿಡಿದು ಮಾಡಿದ ಕಟ್ಟಳೆಯಿಂದ ಮೊದಲುಗೊಂಡು, ಭಾವನ ಪ್ರತಿಜ್ಞೆ, ಇಪ್ಪತ್ತೆಂಟು-ಇಪ್ಪತ್ತೆಂಟು, ಇನ್ನೂರ ಹದಿನಾಲ್ಕು ಹೊಡೆತಗಳು, ಅಯ್ನೋರ ನೆತ್ತಿ, ಎಲ್ಲವನ್ನೂ ಯಥಾಕ್ರಮವಾಗಿ ನಿರೂಪಿಸತೊಡಗಿದರು. ಹದಿನೆಂಟನೆಯ ದಿನದ ಯುದ್ಧವನ್ನು ಅವರು ಇನ್ನೂ ಮುಟ್ಟಿರಲಿಲ್ಲ.

"ಒಳ್ಳೇದು, ಹೀಗೇ ಮುಂದುವರಿಸಿ," ಎಂದು ಡಾಕ್ಟರಮ್ಮ ಫೈಲಿನ ಖಾನೆಯಲ್ಲಿ ಎರಡು ಪದ ಬರೆದು, ಮುಚ್ಚಿ, ಪಕ್ಕಕ್ಕಿಟ್ಟರು.

ವಾಕಿಂಗ್: ಹೌದು.